ಒಂದನೇ ಕ್ಲಾಸಿನ ವರ್ಷವನ್ನು ನಾನು ಜೋಡಿಸಿದ ರೀತಿ

ನಾನು ಗದಗ-ಬೆಟಗೇರಿಯವಳು. ಮದುವೆಯಾಗಿ ಪುಣೆಗೆ ಬಂದೆ. ಖಡ್ಕಿ ಹತ್ತಿರ ಒಂದು ಕ್ರೈಸ್ತ ಸಭೆಯವರು ನಡೆಸುವ ಸಣ್ಣ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ನಮ್ಮ ಹೆಡ್ ಮೇಡಂ ಒಂದು ಮತ್ತು ಎರಡನೇ ಕ್ಲಾಸಿನ ಇಡೀ ವರ್ಷದ ಪಾಠಯೋಜನೆಯನ್ನು ನನಗೆ ವಹಿಸಿದರು. "ನಮ್ಮದು ಕ್ರೈಸ್ತ ಶಾಲೆ ಅನ್ನೋದು ಅದರಲ್ಲಿ ಕಾಣಬೇಕು" ಅಂದರು.

ಮೊದಲ ವರ್ಷ ಆ ಮಾತಿಗೆ ನನಗೆ ಹೊಳೆದ ಅರ್ಥ ಒಂದೇ. ವಾರಕ್ಕೊಂದು ಬೈಬಲ್ ವಚನ. ಕೂಡಿಸುವ ಲೆಕ್ಕಕ್ಕೊಂದು, ಗಿಡದ ಪಾಠಕ್ಕೊಂದು, ನೀರಿನ ಪಾಠಕ್ಕೊಂದು. ದೊಡ್ಡ ಚಾರ್ಟ್ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದೆ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಆಗಸ್ಟ್ ಹೊತ್ತಿಗೆ ಮಕ್ಕಳಿಗೆ ಎಂಟೊಂಬತ್ತು ವಚನ ಬಾಯಿಪಾಠ ಆಗಿತ್ತು.

ಒಂದು ದಿನ ಒಬ್ಬ ಹುಡುಗ ಎದ್ದು ನಿಂತು ಬೈಬಲಿನ 23ನೇ ಕೀರ್ತನೆಯ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿದ, "ದಿ ಲಾರ್ಡ್ ಈಸ್ ಮೈ ಶೆಫರ್ಡ್" ಅಂತ. ಅವನ ಅಪ್ಪ-ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಶೆಫರ್ಡ್ ಅಂದ್ರೆ ಯಾರು ಮರಿ ಅಂತ ಕೇಳಿದೆ. ಸುಮ್ಮನೆ ನಿಂತ. ಪಕ್ಕದವಳು "ದೇವರು" ಅಂದಳು. ನಾನು ಬಗ್ಗಿ ಅವನಿಗೆ ಕನ್ನಡದಲ್ಲಿ ಹೇಳಿದೆ, ಕುರಿ ಕಾಯೋರು ಅಂತ. ಹುಡುಗನ ಮುಖ ಅರಳಿತು. "ನಮ್ ಮುತ್ಯಾ ಕುರಿ ಕಾಯ್ತಾನ್ರೀ ಮಿಸ್!"

ಆಮೇಲೆ ಅವನನ್ನು ತಡೆಯೋದೇ ಕಷ್ಟ ಆಯಿತು. ಮುತ್ಯಾ ಮಳೆಯಲ್ಲಿ ಕಂಬಳಿ ಹೊದ್ದು ನಿಲ್ಲುವುದು, ದಾರಿಯಲ್ಲೇ ಈದ ಕುರಿಯ ಮರಿಯನ್ನು ಅದೇ ಕಂಬಳಿಯಲ್ಲಿ ಕಟ್ಟಿಕೊಂಡು ನಡೆಯುವುದು, ರಾತ್ರಿ ತೋಳ ಬಂದರೆ ನಾಯಿ ಬೊಗಳುವುದು. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿ ಹೇಳಿದ. ಇಡೀ ಕ್ಲಾಸ್ ಕಿವಿಗೊಟ್ಟು ಕೇಳಿತು. ಒಬ್ಬಳು "ಮರಿ ಭಾರ ಇರಲ್ವಾ?" ಅಂತ ಕೇಳಿದಳು. ಎರಡು ತಿಂಗಳಿಂದ ನಮ್ಮ ಮಕ್ಕಳು ಆ ಕೀರ್ತನೆ ಹೇಳುತ್ತಿದ್ದರು. ಅವರು ಅದನ್ನು ನಿಜವಾಗಿ ಕೇಳಿಸಿಕೊಂಡದ್ದು ಆ ದಿನ.

ಆ ಸಂಜೆ ಚಾರ್ಟ್ ತೆಗೆದೆ. ಮೇಡಂಗೆ ಹೋಗಿ ಹೇಳಿದೆ, ಮೊದಲು ಮಕ್ಕಳು ಮಾತಾಡಲಿ, ಯೋಜನೆ ಅಲ್ಲಿಂದ ಶುರು ಮಾಡ್ತೀನಿ ಅಂತ.

ಎರಡನೇ ಸಲ ಕೂತಾಗ ಪಾಠದ ಹೆಸರು ಬರೆಯುವ ಮೊದಲು ಕ್ಯಾಲೆಂಡರ್ ಹಿಡಿದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಕಾಗದದ ಮೇಲೆ ಇದು ಧಾರಾಳ. ಆದರೆ ಜೂನ್ ಮಧ್ಯದಲ್ಲಿ ಶಾಲೆ ತೆರೆದು ಮಕ್ಕಳ ಅಳು ನಿಲ್ಲುವಷ್ಟರಲ್ಲಿ ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ಆಳಂದಿ, ದೇಹೂ ಪಾಲಖಿಗಳು (ಪಲ್ಲಕ್ಕಿ ಮೆರವಣಿಗೆಗಳು) ಪುಣೆಗೆ ಬರುತ್ತವೆ, ರಸ್ತೆ ಬಂದ್ ಆಗುತ್ತದೆ. ಜುಲೈ ಮಳೆಯಲ್ಲಿ ಕಾಲು ಭಾಗ ಮಕ್ಕಳಿಗೆ ಜ್ವರ. ಗಣಪತಿ, ದೀಪಾವಳಿ ರಜೆ, ಡಿಸೆಂಬರಿನಲ್ಲಿ ಕ್ರಿಸ್ಮಸ್ ನಾಟಕದ ತಯಾರಿ. ನನ್ನ ಲೆಕ್ಕಕ್ಕೆ ಹೊಸ ವಿಷಯ ಕಲಿಸಲು ನಿಜವಾಗಿ ಸಿಕ್ಕಿದ್ದು 150 ದಿನ. ನಾನು ಅಷ್ಟಕ್ಕೇ ಯೋಜನೆ ಮಾಡಿದೆ. ಡಿಸೆಂಬರ್ 1ರಿಂದ 20ರ ತನಕ ಹೊಸ ಪಾಠ ಒಂದೂ ಇಡಲಿಲ್ಲ. ನಾಟಕವೇ ಆ ದಿನಗಳ ಭಾಷಾ ಪಾಠ.

ದಿನದ ಮೊದಲ ಅರ್ಧ ಗಂಟೆಗೆ "ಮಾತಿನ ಹೊತ್ತು" ಅಂತ ಹೆಸರಿಟ್ಟೆವು. ಮಕ್ಕಳು ಸುತ್ತ ಕೂತು ಯಾವ ಭಾಷೆಯಲ್ಲಾದರೂ ಮಾತಾಡಬಹುದು. ನಾನು ಅದರಲ್ಲಿ ಎರಡು ಮೂರು ಮಾತನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಹೇಳುತ್ತೇನೆ, ಬೋರ್ಡಿನ ಮೇಲೆ ಬರೆಯುತ್ತೇನೆ. ಅದೇ ಅವತ್ತಿನ ಓದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮನೆಮಾತಿನಿಂದ ಶುರು ಮಾಡಿ ಅನ್ನುತ್ತದೆ. ಅದನ್ನು ಓದಿದಾಗ ನನಗೆ ಧೈರ್ಯ ಬಂತು.

ಲಿಪಿಯ ವಿಷಯದಲ್ಲಿ ಜಾಸ್ತಿ ಜಗ್ಗಾಟ ಆಯಿತು. 2020ರ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದು ಸರಿಯೇ, ನಾವಿರುವುದು ಈ ನೆಲದಲ್ಲಿ. ಆದರೆ ಆರು ವರ್ಷದ ಮಗು ಇಂಗ್ಲಿಷ್ ಅಕ್ಷರ, ದೇವನಾಗರಿ ಅಕ್ಷರ ಎರಡನ್ನೂ ಜೂನ್ ತಿಂಗಳಲ್ಲೇ ಬರೆಯಬೇಕಾ? ನಮ್ಮ ಮರಾಠಿ ಟೀಚರ್ ನನಗಿಂತ ಹಿರಿಯರು. ನಾನು ಅವರನ್ನು ತಾಯಿ ಅಂತಲೇ ಕರೆಯುತ್ತೇನೆ. ದೀಪಾವಳಿ ತನಕ ಬರೀ ಹಾಡು, ಕಥೆ, ಮಾತು ಸಾಕು, ಬರವಣಿಗೆ ಆಮೇಲೆ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದೆವು. ಪಾಲಕರು ನೋಟ್‌ಬುಕ್ ಖಾಲಿ ನೋಡಿ ಗಾಬರಿಯಾದರು. ಮರಾಠಿ ಟೀಚರ್ ಒಬ್ಬೊಬ್ಬರನ್ನೇ ಕರೆದು ಮಗುವಿನ ಬಾಯಲ್ಲೇ ಕಥೆ ಹೇಳಿಸಿದರು. ಗಾಬರಿ ಕಡಿಮೆಯಾಯಿತು.

ಲೆಕ್ಕದಲ್ಲಿ ನಾನು ಕನ್ನಡದವಳಾಗಿದ್ದು ಕೆಲಸಕ್ಕೆ ಬಂತು. ಕೆಲವು ಮಕ್ಕಳು 25 ಬರೆಯಿರಿ ಅಂದರೆ 52 ಬರೆಯುತ್ತಿದ್ದರು. ಮೊದಲು ಅಜಾಗರೂಕತೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮನೆಯಲ್ಲಿ ಅವರು ಕೇಳುವುದು ಮರಾಠಿಯ "ಪಂಚವೀಸ್". ಐದು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯುತ್ತದೆ. ಕನ್ನಡದಲ್ಲಿ ನೋಡಿ, ಇಪ್ಪತ್ತೈದು. ಬರೆಯುವ ಕ್ರಮವೇ ಹೇಳುವ ಕ್ರಮ. 2019ರಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯ) ಎರಡನೇ ತರಗತಿ ಗಣಿತ ಪುಸ್ತಕದಲ್ಲಿ 22ಕ್ಕೆ "ಬಾವೀಸ್" ಜೊತೆಗೆ "ವೀಸ್ ದೋನ್" ಅಂತ ಓದುವ ರೀತಿಯನ್ನೂ ಕೊಟ್ಟಿದ್ದರು. ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ಗಣಿತ ಸಮಿತಿಯಲ್ಲಿದ್ದ ಮಂಗಲಾ ನಾರಳೀಕರ್ ಅವರು ಅದನ್ನು ಸಮರ್ಥಿಸಿಕೊಂಡರು. ನನ್ನ ಕ್ಲಾಸಿನಲ್ಲಿ ನಿಂತು ನೋಡಿದರೆ ಅವರ ಮಾತು ಸರಿ ಅನಿಸುತ್ತದೆ.

ನಾನು ಮಾಡಿದ್ದು ಇಷ್ಟೇ. ಹೊಸ ಕಸಬರಿಗೆ ತಂದು ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಮಗು ಎರಡು ಕಟ್ಟು ಎಡಗಡೆ ಇಡುತ್ತದೆ, ಐದು ಬಿಡಿ ಕಡ್ಡಿ ಬಲಗಡೆ ಇಡುತ್ತದೆ. "ವೀಸ್ ಪಾಂಚ್, ಪಂಚವೀಸ್" ಎರಡನ್ನೂ ಹೇಳುತ್ತದೆ. ಆಮೇಲೆ ಬರೆಯುತ್ತದೆ. ಚಿಕ್ಕ ಮಕ್ಕಳ ಓದು-ಲೆಕ್ಕಕ್ಕೆ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಒಂದನೇ ತರಗತಿ ಮುಗಿಯುವಾಗ 99ರ ತನಕ ಸಂಖ್ಯೆ ಬರಬೇಕು. ಈ ಕಡ್ಡಿಗಳಿಗೆ ನಾನು ಯೋಜನೆಯಲ್ಲಿ ಆರು ವಾರ ಕೊಟ್ಟಿದ್ದೇನೆ. ಜಾಸ್ತಿ ಅಂತ ಹೇಳುವವರಿದ್ದಾರೆ. ನಾನು ಒಂದು ದಿನವೂ ಕಡಿಮೆ ಮಾಡುವುದಿಲ್ಲ.

ಬೈಬಲ್ ಎಲ್ಲಿ ಹೋಯಿತು ಅಂತ ಕೇಳಬಹುದು. ಮೂವತ್ತಾರು ವಚನದ ಬದಲು ವರ್ಷಕ್ಕೆ ಹತ್ತು ಕಥೆ ಇಟ್ಟೆ. ಒಂದೊಂದಕ್ಕೂ ಮೂರು ವಾರ. ಜುಲೈಯಲ್ಲಿ ಮತ್ತಾಯನ ಸುವಾರ್ತೆಯ ಸಾಸಿವೆ ಕಾಳಿನ ಸಾಮ್ಯ, ಸಣ್ಣ ಕಾಳು ಮರದಷ್ಟು ಬೆಳೆದು ಅದರ ಕೊಂಬೆಯಲ್ಲಿ ಹಕ್ಕಿ ಕೂರುತ್ತೆ ಅಂತ ಯೇಸು ಹೇಳಿದ ಕಥೆ. ಮಕ್ಕಳು ಮನೆಯ ಒಗ್ಗರಣೆ ಡಬ್ಬಿಯಿಂದ ಕಾಳು ತಂದರು. ಒಬ್ಬರ ಮನೆಯಲ್ಲಿ ಮೋಹರಿ, ಒಬ್ಬರ ಮನೆಯಲ್ಲಿ ರಾಯಿ, ಮಲಯಾಳಿ ಹುಡುಗಿಗೆ ಕಡುಕ್, ನಮ್ಮ ಹುಡುಗನಿಗೆ ಸಾಸಿವಿ. ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಅರ್ಧ ಗಂಟೆ ನೋಡಿದರು. ಪೇಪರ್ ಕಪ್ಪಿಗೆ ಮಣ್ಣು ತುಂಬಿ ತಲಾ ಐದು ಕಾಳು ಹಾಕಿದರು. 28 ಮಕ್ಕಳು, 140 ಕಾಳು. ಮೂರು ನಾಲ್ಕು ದಿನಕ್ಕೆ ಮೊಳಕೆ ಎದ್ದಿತು. ಎಷ್ಟು ಎದ್ದವು ಅಂತ ಹತ್ತು ಹತ್ತಾಗಿ ಎಣಿಸಿದರು. ಲೆಕ್ಕ, ಪರಿಸರ, ಭಾಷೆ ಎಲ್ಲ ಅದರಲ್ಲೇ ಬಂತು, ನಾನು ಅಂಟಿಸಬೇಕಾಗಲಿಲ್ಲ.

ಮೂರನೇ ವಾರ ಒಬ್ಬಳು ತನ್ನ ಪೇಪರ್ ಕಪ್ ಹಿಡಿದು ಬಂದಳು. ಗೇಣುದ್ದ ಬೆಳೆದು ಬಾಗಿತ್ತು. "ಮಿಸ್, ಹಕ್ಕಿ ಕೂರುತ್ತೆ ಅಂದ್ರಲ್ಲ, ಇದರ ಮೇಲೆ ಕೂತ್ರೆ ಮುರಿಯುತ್ತೆ." ಅವಳು ಹೇಳಿದ್ದು ನಿಜ, ಅಲ್ವಾ? ಇದು ಸಣ್ಣ ಕಪ್, ಬೇರಿಗೆ ಜಾಗ ಇಲ್ಲ ಪುಟ್ಟಿ, ಯೇಸುಸ್ವಾಮಿಯ ಊರಿನ ಕಡೆ ಕಪ್ಪು ಸಾಸಿವೆ ಗಿಡ ನನಗಿಂತ ಎತ್ತರ ಬೆಳೆಯುತ್ತೆ ಅಂದೆ. ನಂಬಲಿಲ್ಲ. ಎರಡು ಗಿಡವನ್ನು ಶಾಲೆಯ ಹಿಂದೆ ನೆಲಕ್ಕೆ ನೆಟ್ಟೆವು. ಒಂದು ಸತ್ತಿತು. ಇನ್ನೊಂದು ಅವಳ ಭುಜದ ತನಕ ಬಂದು ಹಳದಿ ಹೂ ಬಿಟ್ಟಿತು. ಹಕ್ಕಿ ಕೂತಿದ್ದನ್ನು ನಾವು ಯಾರೂ ನೋಡಲಿಲ್ಲ. ಕೂತಿತು ಅಂತ ನಾನು ಹೇಳಲೂ ಇಲ್ಲ.

ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರೈಸ್ತರಲ್ಲ. ಸಂವಿಧಾನದ 28(3)ನೇ ವಿಧಿ ಪ್ರಕಾರ, ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಕೇಳುತ್ತಿದ್ದೆ. ಪುಣೆಯವರಿಗೆ ಪಂಡಿತಾ ರಮಾಬಾಯಿ ಕಥೆ ಗೊತ್ತು. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಮುಂದೆ ಕ್ರೈಸ್ತಳಾಗಿ ಹೆಣ್ಣುಮಕ್ಕಳ ಓದಿಗೆ ದುಡಿದವರು. ಅಮೆರಿಕಕ್ಕೆ ಹೋಗಿದ್ದಾಗ ಜರ್ಮನಿಯ ಶಿಕ್ಷಕ ಫ್ರೋಬೆಲ್‌ನ ಕಿಂಡರ್‌ಗಾರ್ಟನ್ ಪದ್ಧತಿ ಕಲಿತರು, ಮರಾಠಿಯಲ್ಲಿ ಪಾಠಪುಸ್ತಕ ಮಾಡಬೇಕು ಅಂತ ಹಂಬಲಿಸಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆ ಹುಡುಗಿಯರಿಗಾಗಿ ಶಾರದಾ ಸದನ ಅನ್ನುವ ಶಾಲೆ ತೆರೆದು ಮರುವರ್ಷ ಪುಣೆಗೆ ತಂದರು. 1893ರಲ್ಲಿ ಮತಾಂತರದ ಮಾತೆದ್ದು ಹಲವರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಕಟ್ಟಿದ ಕೇಡಗಾವದ ಮುಕ್ತಿ ಮಿಷನ್‌ಗೆ ಹೋದಾಗಲೆಲ್ಲ ನನಗೆ ಆ ಹುಡುಗಿಯರ ನೆನಪಾಗುತ್ತದೆ. ದೊಡ್ಡವರ ನಡುವೆ ನಂಬಿಕೆ ಮುರಿದರೆ ಓದು ನಿಲ್ಲುವುದು ಮಕ್ಕಳದು.

ಹಾಗಾಗಿ ಜೂನ್ ಸಭೆಯಲ್ಲೇ ಹತ್ತು ಕಥೆಗಳ ಪಟ್ಟಿಯನ್ನು ಪಾಲಕರಿಗೆ ಕೊಡುತ್ತೇನೆ. ಹೂಂ ಅಥವಾ ಬೇಡ ಅಂತ ಬರೆದು ಸಹಿ ಮಾಡಿ ಕೊಡಬೇಕು. ಬೇಡ ಅಂದವರ ಮಕ್ಕಳು ಆ ಹೊತ್ತಿಗೆ ಮರಾಠಿ ಟೀಚರ್ ಹತ್ತಿರ ಪಂಚತಂತ್ರ ಕೇಳುತ್ತಾರೆ. ಕಥೆಗೆ ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ. ಹೋದ ವರ್ಷ ಒಬ್ಬ ತಂದೆ ಪಟ್ಟಿಯಲ್ಲಿ ಯೋಸೇಫನ ಹೆಸರು ನೋಡಿ, "ಇದು ನಮ್ಮ ಯೂಸುಫ್ ಅಲ್ವಾ ಟೀಚರ್, ನಮ್ಮ ಕುರಾನಿನಲ್ಲೂ ಇದೆ" ಅಂದರು. ಆ ವಾರ ಅವರ ಮಗ ಮನೆಯಲ್ಲಿ ಕೇಳಿದ ಕಥೆಯನ್ನು ಬಂದು ಕ್ಲಾಸಿಗೆ ಹೇಳಿದ.

ಮನೆಗೆಲಸ ಕೊಡುವುದಿಲ್ಲ. ಎರಡನೇ ತರಗತಿ ತನಕ ಬೇಡ ಅಂತ 2020ರ ಶಾಲಾ ಚೀಲ ನೀತಿಯೂ ಹೇಳುತ್ತದೆ.

ಈಗ ನನ್ನ ಯೋಜನೆಯ ಪುಸ್ತಕದಲ್ಲಿ ವಾರಕ್ಕೊಂದು ಪುಟ. ಎಡಗಡೆ ಏನು ಮಾಡಬೇಕು ಅಂತ ಬರೆದಿರುತ್ತದೆ. ಬಲಗಡೆ ಪೂರ್ತಿ ಖಾಲಿ ಬಿಡುತ್ತೇನೆ. ಶುಕ್ರವಾರ ಮಕ್ಕಳು ಹೋದ ಮೇಲೆ ಅಲ್ಲಿ ಅವರ ಹೆಸರು ಬರೆಯುತ್ತೇನೆ, ಯಾರು ಈ ವಾರ ಬಾಯಿ ಬಿಟ್ಟರು, ಯಾರು ಬಿಡಲಿಲ್ಲ ಅಂತ. ಬಿಡದವರ ಹೆಸರನ್ನು ಮುಂದಿನ ಸೋಮವಾರದ ಪುಟಕ್ಕೆ ದಾಟಿಸುತ್ತೇನೆ. ಅವತ್ತು ಅವರ ಪಕ್ಕದಲ್ಲಿ ಕೂರುತ್ತೇನೆ. ಏಪ್ರಿಲಿನಲ್ಲಿ ಆ ಪುಸ್ತಕವನ್ನು ಎರಡನೇ ಕ್ಲಾಸಿನ ಟೀಚರ್ ಕೈಗೆ ಕೊಡುತ್ತೇನೆ. ಅವರು ಎಡಗಡೆ ನೋಡುವುದೇ ಇಲ್ಲ, ಬಲಗಡೆಯನ್ನು ಮಾತ್ರ ಓದುತ್ತಾರೆ.