ಗುರ್ ಅನ್ನಲಿಲ್ಲವಲ್ಲೋ!

ಶಿರಸಿಯಲ್ಲಿ ನಾಯಿ ಟ್ರೇನಿಂಗ್ ಶುರು ಮಾಡಿದಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು, "ಎಂತಾ ತಮಾ, ನಾಯಿ ಕಲಿಸಲೂ ದುಡ್ಡಾ?" ಆಮೇಲೆ, "ಸರ್ಟಿಫಿಕೇಟ್ ಇದ್ಯಾ?" ಪಶುವೈದ್ಯರಾದರೆ 1984ರ ಕಾಯ್ದೆಯಂತೆ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನಮಗೆ ಅಂಥದ್ದೇನೂ ಇಲ್ಲ, ಬೋರ್ಡು ಹಾಕಿದವನೇ ಟ್ರೇನರ್. ಜನ ಅನುಮಾನಪಟ್ಟರೆ ತಪ್ಪಲ್ಲ.

ನನ್ನ ಮೇಲೂ ಅನುಮಾನ ಪಡಬೇಕಿತ್ತು. ಆಗ ನಾನು ಚೋಕ್ ಚೈನ್, ಅಂದರೆ ಜಗ್ಗಿದರೆ ಕುತ್ತಿಗೆ ಬಿಗಿಯುವ ಸರಪಳಿ, ಹಾಕುತ್ತಿದ್ದೆ. ಒಂದು ತೋಟದ ಮನೆಯ ಜರ್ಮನ್ ಶೆಫರ್ಡ್ ಬಂದವರಿಗೆಲ್ಲ ಗುರ್ ಅನ್ನುತ್ತಿತ್ತು. ಗುರ್ ಅಂದಾಗಲೆಲ್ಲ ಸರಪಳಿ ಜಗ್ಗಿದೆ. ಎರಡು ವಾರದಲ್ಲಿ ಸದ್ದು ನಿಂತಿತು. ಮನೆಯವರಿಗೆ ಖುಷಿ, ನನಗೆ ಹೆಮ್ಮೆ. ಅಡಿಕೆ ಕೊಯ್ಲಿಗೆ ಬಂದ ಕೊನೆಗೌಡರ ಮೀನಖಂಡಕ್ಕೆ ಅದು ಸುಮ್ನೆ ಬಂದು ಬಾಯಿ ಹಾಕಿತು. "ಗುರ್ ಅನ್ನಲಿಲ್ಲವಲ್ಲೋ!" ಅಂದರು ಅವರು. ಹೇಗೆ ಅಂದೀತು? ಹೆದರಿಕೆಯನ್ನು ಒಳಗೇ ಬಿಟ್ಟು, ಎಚ್ಚರಿಕೆಯನ್ನು ಮಾತ್ರ ಕಿತ್ತು ಹಾಕಿದವನು ನಾನೇ. 0, 3, 7, 14, 28ನೇ ದಿನದ ಐದೂ ರೇಬೀಸ್ ಇಂಜೆಕ್ಷನ್‌ಗೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ.

ಆಗ ಸರಪಳಿ ಬಿಟ್ಟೆ. 'ನಾಯಿಗೆ ನೀನೇ ಯಜಮಾನ ಅಂತ ತೋರಿಸು' ಅನ್ನುವ ಮಾತನ್ನೂ ಬಿಟ್ಟೆ. ಆ ಮಾತು ಹುಟ್ಟಿದ್ದು ಕೂಡಿಹಾಕಿದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮರಿಗಳು ಅಂತ ತೋಳಗಳ ಅಧ್ಯಯನ ಮಾಡಿದ ವಿಜ್ಞಾನಿ ಡೇವಿಡ್ ಮೀಚ್ 1999ರಲ್ಲೇ ಬರೆದಿದ್ದಾರೆ. ಈಗ ಹೇಳಿದ್ದು ಮಾಡಿದ ನಾಯಿಗೆ ಕೊಡಲು ನನ್ನ ಜೇಬಿನಲ್ಲಿ ಶಿರಸಿ ಕಡೆಗೆ ದೋಸೆ ಚೂರು, ಕಾರವಾರಕ್ಕೆ ಉಪ್ಪು ತೊಳೆದ ಒಣ ಸೀಗಡಿ. (ಸೀಗಡಿಗೆ ಕಲಿಯುವಷ್ಟು ಬೇಗ ದೋಸೆಗೆ ಯಾವ ನಾಯಿಯೂ ಕಲಿಯುವುದಿಲ್ಲ.)

ಕಲಿಸಲು ಅಂತ ನಾಯಿಯನ್ನು ನಾನು ನನ್ನ ಜಾಗಕ್ಕೆ ಕರೆದೊಯ್ಯುವುದಿಲ್ಲ. ಹಗ್ಗ ಮನೆಯವರ ಕೈಯಲ್ಲೇ ಇರಬೇಕು. ವಿಡಿಯೋ ಮಾಡಿಕೊಳ್ಳಲಿ. ಮೂರು ಸಲ ಹೋಗಿಬರುವ ತನಕ ಅಡ್ವಾನ್ಸ್ ಕೇಳುವುದಿಲ್ಲ, ಗ್ಯಾರಂಟಿ ಅಂತೂ ಕೊಡುವುದೇ ಇಲ್ಲ. ಗ್ಯಾರಂಟಿ ಇಲ್ಲ ಅಂದಿದ್ದಕ್ಕೆ ಕೈಬಿಟ್ಟುಹೋದ ಗಿರಾಕಿಗಳೂ ಇದ್ದಾರೆ.

ಕಾರವಾರದಲ್ಲಿ ಒಬ್ಬ ಅಕ್ಕ ಮನೆಯ ಲ್ಯಾಬ್ರಡಾರನ್ನು ಟ್ರೇನಿಂಗ್‌ಗೆ ಅಂತ ಒಂದು ತಿಂಗಳು ಯಾರದೋ ಬಳಿ ಬಿಟ್ಟಿದ್ದರು. ಕೂರು ಅಂದರೆ ಕೂರುತ್ತಿತ್ತು. ಆದರೆ ಕೈ ಎತ್ತಿದರೆ ಮುದುಡುತ್ತಿತ್ತು, ಕುತ್ತಿಗೆಯಲ್ಲಿ ಕೂದಲು ಉದುರಿದ ಪಟ್ಟಿ. ಮೊದಲ ಎರಡು ದಿನ ನಾನು ಜಗಲಿಯಲ್ಲಿ ಕೂತು ಚಹಾ ಕುಡಿದೆ, ಅಷ್ಟೇ. "ಇದಕ್ಕೂ ದುಡ್ಡು ತಗೋತೀರಾ?" ಅಂದರು. ಮೂರನೇ ದಿನ ಅದೇ ಬಂದು ನನ್ನ ಜೇಬು ಮೂಸಿತು. ಈಗ ಬೆಳಿಗ್ಗೆ ಟ್ಯಾಗೋರ್ ಬೀಚಿನಲ್ಲಿ ಅಕ್ಕನ ಜೊತೆ ಓಡುತ್ತದೆ. ಕೊಡೆ ಹಿಡಿದ ಗಂಡಸರನ್ನು ಕಂಡರೆ ಮಾತ್ರ ಇನ್ನೂ ಅಕ್ಕನ ಕಾಲ ಹಿಂದೆ ಅಡಗುತ್ತದೆ. ಆ ಭಯ ಪೂರ್ತಿ ಹೋಗದೆಯೂ ಇರಬಹುದು ಅಂತ ಹೇಳಿದ್ದೇನೆ. ಹಾಗೆ ಹೇಳಿದ ವಾರವೇ ಅವರ ತಂಗಿ ಮನೆಯಿಂದ ಫೋನ್ ಬಂತು.