ಶುಗರ್ ಇಳಿಯದಿದ್ದಾಗ ನಾನು ಕೇಳದೇ ಬಿಟ್ಟ ಪ್ರಶ್ನೆ

ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಕೆಲಸ ನನ್ನದು. ಬೆಳಗ್ಗೆ ಕೂತರೆ ಊಟದ ಹೊತ್ತಿಗೆ 80 ಜನ ಬಂದು ಹೋಗಿರುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಮೂರೇ ನಿಮಿಷ. ಅಷ್ಟರಲ್ಲಿ ಮನಸ್ಸಿನ ವಿಷಯ ಎಲ್ಲಿ ಕೇಳೋದು ಅಂತ ಎಷ್ಟೋ ವರ್ಷ ಸುಮ್ಮನಿದ್ದೆ.

ಒಬ್ಬ ತಾಯಿ ಬರುತ್ತಿದ್ದರು. 58 ವರ್ಷ. ಮನೆಯಲ್ಲಿ ಎರಡು ಹಸು, ಸ್ವಲ್ಪ ರಾಗಿ ಹೊಲ. ತಿಂಗಳು ತಪ್ಪಿಸುತ್ತಿರಲಿಲ್ಲ, ಆದರೆ ಪ್ರತಿ ಸಲವೂ ಶುಗರ್ 300ರ ಮೇಲೆ. "ಮಾತ್ರೆ ತಗೊಳ್ತಿದ್ದೀರಾ ಅಮ್ಮಾ?" ಅಂದರೆ "ಹೂಂ ಮೇಡಂ" ಅನ್ನುತ್ತಿದ್ದರು. ಜೊತೆಗೆ ಮೈಕೈ ನೋವು, ಸುಸ್ತು, ಹೊಟ್ಟೆ ಉಬ್ಬರ. ನಾನು ಡೋಸ್ ಏರಿಸುತ್ತಾ ಹೋದೆ. ಮೆಟ್‌ಫಾರ್ಮಿನ್ ಜಾಸ್ತಿ ಮಾಡಿದೆ, ಗ್ಲಿಮೆಪಿರೈಡ್ ಸೇರಿಸಿದೆ, ಆಮೇಲೆ ಅದನ್ನೂ ಏರಿಸಿದೆ.

ಒಂದು ಸಂಜೆ ಅವರನ್ನು ಆಟೋದಲ್ಲಿ ಹೊತ್ತು ತಂದರು. ಮೈಯೆಲ್ಲಾ ಬೆವರು, ಮಾತು ತೊದಲು. ಶುಗರ್ ತೀರಾ ಇಳಿದು 48. ಗ್ಲೂಕೋಸ್ ಏರಿಸಿ, ಅವರು ಕಣ್ಣು ಬಿಟ್ಟ ಮೇಲೆ ವಿಷಯ ಗೊತ್ತಾಯಿತು. ತಿಂಗಳುಗಟ್ಟಲೆ ಅವರು ಮಾತ್ರೆ ಮುಟ್ಟಿರಲೇ ಇಲ್ಲ. ಮೂರು ದಿನದಿಂದ ಮಗ ಎದುರಿಗೆ ನಿಂತು ಎಲ್ಲವನ್ನೂ ನುಂಗಿಸಿದ್ದ. ಊಟ ಮಾತ್ರ ಅರ್ಧ ಮುದ್ದೆಯೂ ಸೇರುತ್ತಿರಲಿಲ್ಲ. ನುಂಗದ ಮಾತ್ರೆಗಳನ್ನು ನಂಬಿ ನಾನು ಬರೆದ ಡೋಸ್ ಅದು. ಆ ತಪ್ಪು ನನ್ನದೇ.

ಮಾರನೇ ದಿನ ವಾರ್ಡಿನಲ್ಲಿ ಅವರ ಬಟ್ಟೆ ಚೀಲ ಬಿಚ್ಚಿಸಿದೆ. ಹಳೇ ಸ್ಟ್ರಿಪ್‌ಗಳು, ಕೌಂಟರ್‌ನಲ್ಲಿ ಹಾಕಿಕೊಟ್ಟ ರಬ್ಬರ್ ಬ್ಯಾಂಡಿನ ಸಮೇತ ಹಾಗೇ ಇದ್ದವು. ಒಂದು ಗುಳಿಯೂ ಒಡೆದಿರಲಿಲ್ಲ. "ಯಾಕಮ್ಮಾ?" ಅಂದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಆಮೇಲೆ, "ನುಂಗಿ ಏನಾಗ್ಬೇಕು ಅನ್ನಿಸ್ತಿತ್ತು ಮೇಡಂ" ಅಂದರು.

ಅವತ್ತು ಸ್ಟೂಲ್ ಎಳೆದುಕೊಂಡು ಕೂತೆ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ? ಮೂರಕ್ಕೆ, ಮತ್ತೆ ನಿದ್ದೆ ಇಲ್ಲ. ಬಾಯಿಗೆ ರುಚಿ ಹತ್ತುತ್ತಾ? ಇಲ್ಲ. ಡೈರಿಗೆ ಹಾಲು ಹಾಕೋಕೆ ಯಾರು ಹೋಗ್ತಾರೆ? ಮೊದಲು ಅವರೇ ಹೋಗುತ್ತಿದ್ದರಂತೆ, ವರ್ಷದಿಂದ ಸೊಸೆ. "ಮನಸ್ಸು ಹೇಗಿದೆ?" ಅಂದರೆ ನಮ್ಮ ಕಡೆ ಯಾರೂ ಚೆನ್ನಾಗಿಲ್ಲ ಅನ್ನೋದಿಲ್ಲ. ನಿದ್ದೆ, ರುಚಿ, ದಿನದ ಕೆಲಸ ಕೇಳಿದರೆ ಹೇಳಿಬಿಡುತ್ತಾರೆ.

ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ. ಅದು ಎರಡೂ ಕಡೆಯಿಂದ ಎಳೆಯುತ್ತದೆ. ಮನಸ್ಸು ಕುಗ್ಗಿದಾಗ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರಬಹುದು, ಅದು ಶುಗರನ್ನೂ ಏರಿಸುತ್ತದೆ. ನಿದ್ದೆ ಕೆಟ್ಟರೆ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ನಡೆಯೋದು, ಹೊತ್ತಿಗೆ ಸರಿಯಾಗಿ ಉಣ್ಣೋದು, ಮಾತ್ರೆ ನುಂಗೋದು ಒಂದೊಂದಾಗಿ ಬಿಟ್ಟು ಹೋಗುತ್ತವೆ. ಏರಿದ ಶುಗರ್ ಮತ್ತೆ ಸುಸ್ತು ತರುತ್ತದೆ.

ಆದರೆ ಕುಗ್ಗಿದವರೆಲ್ಲರಿಗೂ ಖಿನ್ನತೆ ಅಂತ ಚೀಟಿ ಅಂಟಿಸಬಾರದು. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಇದೇ ಸುಸ್ತು, ಇದೇ ಬೇಜಾರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ಮಾಂಸ, ಮೀನು, ಮೊಟ್ಟೆ ತಿನ್ನದವರಲ್ಲಿ ಇನ್ನೂ ಬೇಗ. ಹಾಗಾಗಿ ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12 ಮೊದಲು ನೋಡುತ್ತೇನೆ. ಈ ತಾಯಿಗೆ ಹಿಮೋಗ್ಲೋಬಿನ್ 9 ಇತ್ತು. ಅದಕ್ಕೂ ಔಷಧಿ ಕೊಟ್ಟೆವು. ಅದೊಂದರಿಂದಲೇ ಅವರ ಬೇಜಾರು ಹೋಗುವ ಹಾಗಿರಲಿಲ್ಲ.

ಆಮೇಲೆ ಕ್ಲಿನಿಕ್ಕಿನ ಪದ್ಧತಿಯನ್ನೇ ಬದಲಾಯಿಸಿದೆವು. ಬಿಪಿ ನೋಡುವ ಸಿಸ್ಟರ್, ಪಟ್ಟಿ ಸುತ್ತುತ್ತಾ ಎರಡು ಪ್ರಶ್ನೆ ಕೇಳುತ್ತಾರೆ. ಹೋದ ಎರಡು ವಾರದಲ್ಲಿ ಯಾವ ಕೆಲಸದ ಮೇಲೂ ಮನಸ್ಸಿಲ್ಲ ಅನ್ನಿಸಿತ್ತಾ? ಮನಸ್ಸು ಕುಗ್ಗಿ, ದಾರಿಯೇ ಕಾಣದ ಹಾಗೆ ಆಗಿತ್ತಾ? ಒಂದೊಂದಕ್ಕೆ ಸೊನ್ನೆಯಿಂದ 3 ಅಂಕ. ಎರಡೂ ಸೇರಿ 3 ದಾಟಿದರೆ ಅಥವಾ 3 ಬಂದರೆ ನನ್ನ ಹತ್ತಿರ ಒಂಬತ್ತು ಪ್ರಶ್ನೆಯ ಪಟ್ಟಿ ಇದೆ. ಒಂಬತ್ತನೆಯದು ಸಾವಿನ ಯೋಚನೆಯದು. ಅದನ್ನು ಬಿಟ್ಟು ಮುಂದೆ ಹೋಗಲ್ಲ. ಕೇಳಿದರೆ ಯೋಚನೆ ಹುಟ್ಟುತ್ತೆ ಅನ್ನುವುದು ತಪ್ಪು. "ಬದುಕು ಸಾಕು ಅನ್ನಿಸಿದ್ದುಂಟಾ?" ಅಂತ ನೇರವಾಗಿ ಕೇಳುತ್ತೇನೆ. ಹೂಂ ಅಂದರೆ ಅವತ್ತೇ ಮನೆಯವರನ್ನು ಕರೆಸುತ್ತೇನೆ, ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೆ ಇಡಬೇಡಿ ಅನ್ನುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ. ಅದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮೊದಮೊದಲು ಆ ಕೋಣೆಗೆ ಕಳಿಸಿದರೆ ಜನ ಗೇಟಿನಿಂದಲೇ ವಾಪಸ್ ಹೋಗುತ್ತಿದ್ದರು. ಯಾರಾದರೂ ನೋಡಿದರೆ ಅನ್ನುವ ಭಯ, ಅಲ್ವಾ. ಅದಕ್ಕೆ ಆ ಡಾಕ್ಟರ್ ನನ್ನ ಕೋಣೆಯಲ್ಲೇ ಒಂದು ಮೂಲೆಯಲ್ಲಿ ಕೂರುವ ಹಾಗೆ ಮಾಡಿದೆವು. ಶುಗರ್ ಕಾರ್ಡಿನಲ್ಲೇ ಅವರ ಮಾತ್ರೆಯೂ ಬರೆಯುತ್ತೇವೆ, ಸಿಗೋದೂ ಅದೇ ಕೌಂಟರ್‌ನಲ್ಲಿ. ಭಾರತದ ನಾಲ್ಕು ಮಧುಮೇಹ ಕ್ಲಿನಿಕ್‌ಗಳಲ್ಲಿ 404 ಜನರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟವರಲ್ಲಿ ಎರಡು ವರ್ಷದ ಮೇಲೆ ಮನಸ್ಸೂ, ಅದರ ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಹೆಚ್ಚಿದ್ದರು. ಅದನ್ನು ಓದಿದ ದಿನ ನನಗೆ ಬಹಳ ಧೈರ್ಯ ಬಂತು.

ಹಾರ್ಟ್ ಅಟ್ಯಾಕ್ ಆದವರನ್ನೂ ಈಗ ಬಿಡುವುದಿಲ್ಲ. "ಅಷ್ಟು ದೊಡ್ಡದು ಆದ್ಮೇಲೆ ಬೇಜಾರು ಇರುತ್ತೆ ಬಿಡಿ ಮೇಡಂ" ಅನ್ನುತ್ತಾರೆ ಮನೆಯವರು. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂಥ 222 ಜನರನ್ನು ನೋಡಿದಾಗ, ಖಿನ್ನತೆ ಇದ್ದವರು ಆರು ತಿಂಗಳೊಳಗೆ ತೀರಿಕೊಳ್ಳುವ ಅಪಾಯ ಬಹಳ ಜಾಸ್ತಿ ಇತ್ತು.

ಆ ತಾಯಿಗೆ ಮನೋವೈದ್ಯರು ಖಿನ್ನತೆಯ ಮಾತ್ರೆಯನ್ನು ಸಣ್ಣ ಡೋಸ್‌ನಿಂದ ಶುರು ಮಾಡಿದರು. ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣ ಕಾಣೋಕೆ ಮೂರ್ನಾಲ್ಕು ವಾರ ಬೇಕು ಅಂತ ಮೊದಲೇ ಹೇಳಿದೆವು. ಇದನ್ನು ಹೇಳದಿದ್ದರೆ ಐದನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಶುಗರ್ ಮಾತ್ರೆಗಳನ್ನು ಕಡಿಮೆ ಡೋಸ್‌ನಿಂದ ಹೊಸದಾಗಿ ಶುರು ಮಾಡಿದೆ. ಬೆಳಗಿನ ಹಾಲು ಡೈರಿಗೆ ನೀವೇ ಹಾಕಬೇಕು ಅಂದೆ. ಮೊದಲ ವಾರ ಎರಡೇ ದಿನ ಹೋಗಿದ್ದರು. ಆರು ತಿಂಗಳಲ್ಲಿ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 11ರಿಂದ 8ಕ್ಕೆ ಬಂತು. ಇನ್ನೂ ಇಳಿಯಬೇಕು. ಕೆಲವು ದಿನ ಈಗಲೂ ನಾಲ್ಕಕ್ಕೇ ಎಚ್ಚರ ಆಗುತ್ತಂತೆ.

ಈಗ ನಾನು ಕೇಳುವ ಮೊದಲೇ ಚೀಲ ಬಿಚ್ಚಿ ಸ್ಟ್ರಿಪ್ ಮೇಜಿನ ಮೇಲಿಡುತ್ತಾರೆ. ಹೋದ ತಿಂಗಳು ಎರಡು ಮಾತ್ರೆ ಉಳಿದಿದ್ದವು. ಯಾಕೆ ಅಂದೆ. "ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ದೆ ಮೇಡಂ, ಒಬ್ಬಟ್ಟು ತಟ್ಟೋ ಗಡಿಬಿಡೀಲಿ ಮರೆತುಬಿಟ್ಟೆ."