ಜಟ್‌ಲೆಂಡ್ ಕದನವನ್ನು ನೆಲದ ಮೇಲೆ ಆಡಿಸಿದ ನನ್ನ ಅನುಭವ

ಜಟ್‌ಲೆಂಡ್ ಅಂದರೆ ಮೊದಲ ಮಹಾಯುದ್ಧದಲ್ಲಿ ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಕದನ. ಬ್ರಿಟಿಷ್ ಪಡೆಯ ದಂಡನಾಯಕ ಜೆಲಿಕೋ ಆವತ್ತು ಟಾರ್ಪಿಡೋಗಳಿಗೆ (ನೀರಿನಡಿ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಹೆದರಿ ತಿರುಗದಿದ್ದರೆ ಜರ್ಮನ್ ನೌಕಾಪಡೆಯ ಕಥೆ ಮುಗಿದೇ ಹೋಗುತ್ತಿತ್ತು ಅಂತ ವಾದಿಸುವವರು ಈಗಲೂ ಇದ್ದಾರೆ. ಅದು ನಿಜವಾ ಅಂತ ನೋಡೋಕೆ ನಾನು ಗೆಳೆಯರನ್ನು ಸೇರಿಸಿ, ಹಾಲ್‌ನ ನೆಲದ ಮೇಲೆ ರಟ್ಟಿನ ಹಡಗು ಇಟ್ಟು ಆಡಿಸುತ್ತೇನೆ.

ಪೂರ್ತಿ ಕದನ ಬೇಡ. 1916ರ ಮೇ 31, ಸಂಜೆ ಏಳೂಕಾಲು, ಅಲ್ಲಿಂದ ಶುರು. ಬ್ರಿಟಿಷರ ಹತ್ತಿರ 28 ಡ್ರೆಡ್‌ನಾಟ್ (ಭಾರಿ ಫಿರಂಗಿಗಳ ದೊಡ್ಡ ಯುದ್ಧನೌಕೆ), ಜರ್ಮನ್ನರ ಹತ್ತಿರ 16. ಜರ್ಮನ್ ದಂಡನಾಯಕ ಶೇರ್ ಸಿಕ್ಕಿಬಿದ್ದಿದ್ದಾನೆ, ತಪ್ಪಿಸಿಕೊಳ್ಳೋಕೆ ಟಾರ್ಪಿಡೋ ದೋಣಿಗಳನ್ನು ಬಿಡುತ್ತಾನೆ. ನಿಜವಾಗಿ ಜೆಲಿಕೋ ತನ್ನ ಹಡಗುಗಳ ಸಾಲನ್ನು 45 ಡಿಗ್ರಿ ಆಚೆ ತಿರುಗಿಸಿದ. ಒಂದು ಟಾರ್ಪಿಡೋ ಕೂಡ ತಾಗಲಿಲ್ಲ. ಶತ್ರುವೂ ಮಂಜಿನಲ್ಲಿ ಮಾಯವಾದ.

ನನ್ನ ಮುಖ್ಯ ನಿಯಮ ಒಂದೇ: ಜೆಲಿಕೋ ಆಡುವವರು ಪಕ್ಕದ ಕೋಣೆಯಲ್ಲಿ ಕೂರಬೇಕು. ನೆಲ ಕಾಣಬಾರದು. ಅವರಿಗೆ ಹೋಗುವುದು ಚೀಟಿ ಮಾತ್ರ: 'ದೋಣಿಗಳು ಬರ್ತಿವೆ. ಹೊಗೆ. ಹಿಂದೇನಿದೆ ಕಾಣ್ತಿಲ್ಲ.' ಆವತ್ತು ಸಂಜೆ ಜೆಲಿಕೋನೇ 'ಶತ್ರುವಿನ ಮುಖ್ಯ ಪಡೆ ಎಲ್ಲಿ?' ಅಂತ ತನ್ನ ಕೈಕೆಳಗಿನ ಅಡ್ಮಿರಲ್ ಬೀಟಿಯನ್ನು ಕೇಳಬೇಕಾಗಿ ಬಂದಿತ್ತು. ಹಾಗಾಗಿ ಚೀಟಿಯಲ್ಲಿ ಇದಕ್ಕಿಂತ ಜಾಸ್ತಿ ಬರೆಯೋದಿಲ್ಲ. ನೆಲ ಕಾಣುವವರೆಲ್ಲ 'ನುಗ್ಗು' ಅಂತಾರೆ. ಕೋಣೆಯೊಳಗೆ ಕೂತವರು ಹೆಚ್ಚಾಗಿ ತಿರುಗಿಸೇಬಿಡುತ್ತಾರೆ!

ನುಗ್ಗಿದರೆ? ಎದುರು ಮೂತಿ ಮಾಡಿದ ಹಡಗಿಗೆ ಟಾರ್ಪಿಡೋ ತಾಗೋದು ಕಷ್ಟ. ತಾಗಿದರೂ ಮುಳುಗಲೇಬೇಕು ಅಂತಿಲ್ಲ. ಆವತ್ತೇ ಮಾರ್ಲ್‌ಬರೋ ಎಂಬ ಬ್ರಿಟಿಷ್ ಹಡಗು ಒಂದು ತಿಂದೂ ಸಾಲಿನಲ್ಲಿ ಉಳಿದಿತ್ತು. ಆದರೆ ಕತ್ತಲಾಗೋಕೆ ಉಳಿದಿರೋದು ಸ್ವಲ್ಪವೇ ಹೊತ್ತು. ದಾಳ ಒಲಿದರೆ ಏಟು ತಿಂದು ಹಿಂದೆ ಬಿದ್ದ ಒಂದೆರಡು ಹಡಗು ಸಿಗುತ್ತವೆ. ಕೈಕೊಟ್ಟರೆ ಬ್ರಿಟನ್ನಿನ ಮೇಲುಗೈಯೇ ಕರಗುತ್ತದೆ. ಹೇಗೂ ಜರ್ಮನಿಯ ಸಮುದ್ರ ದಿಗ್ಬಂಧನ ಬ್ರಿಟಿಷರ ಕೈಯಲ್ಲೇ ಇತ್ತಲ್ವಾ? ಜೂಜಾಡುವ ಅಗತ್ಯ ಏನಿತ್ತು? ಅಟ್ಟಿಸಿಕೊಂಡು ಹೋಗಿ ಬಲೆಗೆ ಬೀಳಲ್ಲ ಅಂತ ಜೆಲಿಕೋ 1914ರ ಅಕ್ಟೋಬರಿನಲ್ಲೇ ಪತ್ರ ಬರೆದಿದ್ದ, ಮೇಲಿನವರು ಒಪ್ಪಿಯೂ ಇದ್ದರು.

ನನಗೆ ನಿಜವಾಗಿ ಮಜಾ ಕೊಡೋದು ರಾತ್ರಿಯ ಆಟ. ಡೆನ್ಮಾರ್ಕ್ ಕರಾವಳಿಯ ಆಚೆಗಿನ ಹಾರ್ನ್ಸ್ ರೀಫ್ ಹತ್ತಿರ ಬೆಳಗ್ಗೆ ವಾಯುನೌಕೆ ಕಳಿಸಿ ಅಂತ ಶೇರ್ ಕೇಳಿದ್ದ ಸಂದೇಶವನ್ನು ಲಂಡನ್ನಿನ ಗೂಢಲಿಪಿ ವಿಭಾಗ, 'ರೂಮ್ 40', ಬಿಡಿಸಿತ್ತು. ಅಂದರೆ ಶೇರ್ ಮನೆಗೆ ಹೋಗುವ ದಾರಿ ಗೊತ್ತಾಗಿತ್ತು. ಅದು ಜೆಲಿಕೋಗೆ ತಲುಪಲೇ ಇಲ್ಲ. ನನ್ನ ಆಟದಲ್ಲಿ ಆ ಚೀಟಿಯನ್ನು ಒಳಗೆ ಕಳಿಸುತ್ತೇನೆ. ಎಷ್ಟೇ ಹುಷಾರಿ ಆಟಗಾರನಾದರೂ ಆಗ ಹಾರ್ನ್ಸ್ ರೀಫ್ ಕಡೆಗೆ ಹೊರಡುತ್ತಾನೆ. ಬೆಳಗಿನ ಜಾವ ಮೂರಕ್ಕೆಲ್ಲ ಬೆಳಕು, ಮುಂದೆ ಇಡೀ ಹಗಲು. ಆಮೇಲೆ ಶೇರ್ ಆಡುವವರನ್ನು ದಾಳ ಕೂಡ ಉಳಿಸೋದು ಕಷ್ಟ.